ಹಳೆಯ ವಾರಪತ್ರಿಕೆಗಳ ಒಂಬತ್ತು ಕಟ್ಟು: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ, ಎಂಜಿನಿಯರಿಂಗ್ ಗೈಡುಗಳ ರಾಶಿಯ ಹಿಂದೆ, ಕನ್ನಡದ ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ಕಟ್ಟುಕಟ್ಟಾಗಿ ಮಾರುವ ಅಂಗಡಿಯೊಂದಿದೆ. ಹೊರಗೆ ಫಲಕವಿಲ್ಲ. ಇದ್ದಿದ್ದರೂ ಹೆಸರು ಬರೆಯುತ್ತಿರಲಿಲ್ಲ, ಏಕೆಂದರೆ ಮೆಚ್ಚುಗೆಯ ಜೊತೆಗೆ ಒಂದೆರಡು ದೂರುಗಳನ್ನೂ ಹೇಳಬೇಕಾಗಿದೆ. ಕಳೆದ ಆಷಾಢದಲ್ಲಿ ಅಲ್ಲಿಂದ ಒಂಬತ್ತು ಕಟ್ಟುಗಳನ್ನು ಕೊಂಡು ತಂದೆ. ಮಾಲೀಕರು 2,700 ರೂಪಾಯಿ ಕೇಳಿದರು. ಎರಡು ಲೋಟ ಚಹಾ ಮುಗಿಯುವ ಹೊತ್ತಿಗೆ 1,900ಕ್ಕೆ ಒಪ್ಪಿದರು. 1966ರಿಂದ 1998ರವರೆಗಿನ ಸಂಚಿಕೆಗಳು. ಸಾಲಾಗಿ ಸಿಕ್ಕವಲ್ಲ, ನಡುವೆ ಎಷ್ಟೋ ವರ್ಷಗಳೇ ಇಲ್ಲ.

ಈ ಖರೀದಿಗೆ ನನ್ನದೇ ಒಂದು ಕಾರಣವಿತ್ತು. ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದವನು ನಾನು. ಜನ ದುಡ್ಡನ್ನು ಏನು ಮಾಡುತ್ತಾರೆಂಬುದನ್ನು ಕೌಂಟರಿನ ಈಚೆ ಬದಿಯಿಂದ ಸಾಕಷ್ಟು ಕಂಡಿದ್ದೇನೆ. ದುಡ್ಡಿನ ಬಗ್ಗೆ ನಾಲ್ಕು ಜನರೆದುರು ಏನು ಹೇಳಿಕೊಳ್ಳುತ್ತಿದ್ದರು ಎಂಬುದನ್ನು ನೋಡುವ ಆಸೆಯಿತ್ತು. ಅದಕ್ಕೆ ಪತ್ರಿಕೆಯ ಲೇಖನಕ್ಕಿಂತಲೂ ಅದರ ಪಕ್ಕದಲ್ಲಿ ಅಚ್ಚಾದ ಜಾಹೀರಾತೇ ಒಳ್ಳೆಯ ಸಾಕ್ಷಿ ಎಂಬ ನಂಬಿಕೆಯಿಂದ ಹೋಗಿದ್ದೆ. ಕಟ್ಟುಗಳನ್ನು ಮೂರು ತಿಂಗಳು ತಿರುವಿಹಾಕಿದ ಮೇಲೆ ಆ ನಂಬಿಕೆ ಅರ್ಧ ಮಾತ್ರ ಉಳಿದಿದೆ.

ಮೊದಲು ಸರಕಿನ ಗುಣಮಟ್ಟದ ಮಾತು. ಕಟ್ಟುಗಳು ಮೂರು ಬಗೆಯವು. ಒಂದು, ಯುಗಾದಿ ಮತ್ತು ದೀಪಾವಳಿ ವಿಶೇಷಾಂಕಗಳನ್ನು ರಟ್ಟು ಹಾಕಿ, ಬೆನ್ನಿಗೆ ಕ್ಯಾಲಿಕೊ ಬಟ್ಟೆ ಅಂಟಿಸಿ ಬೈಂಡು ಮಾಡಿದವು. ಯಾವುದೋ ಗ್ರಂಥಾಲಯದ ಮೊಹರನ್ನು ಕೆರೆದು ತೆಗೆದ ಗುರುತು ಎರಡರ ಮೇಲಿದೆ. ಇವು ನೋಡಲು ಗಟ್ಟಿಮುಟ್ಟಾಗಿವೆ, ಆದರೆ ನನ್ನಂಥವನ ಪಾಲಿಗೆ ಇವೇ ಅತ್ಯಂತ ನಿರಾಶಾದಾಯಕ. ಬೈಂಡರು ಕಟ್ಟು ತೆಳ್ಳಗಾಗಲೆಂದು ರಕ್ಷಾಪುಟಗಳನ್ನೂ ಹೊಳಪು ಕಾಗದದ ಜಾಹೀರಾತು ಹಾಳೆಗಳನ್ನೂ ಕಿತ್ತು ಬಿಸಾಡಿದ್ದಾನೆ. ಹಿಂಬದಿಯ ರಕ್ಷಾಪುಟವೆಂದರೆ ಪತ್ರಿಕೆಯಲ್ಲಿ ಅತಿ ಹೆಚ್ಚು ದರದ ಜಾಗ; ಆ ಕಾಲದಲ್ಲಿ ಯಾರ ಕೈಯಲ್ಲಿ ದುಡ್ಡಿತ್ತು ಎಂಬುದನ್ನು ಅದೊಂದೇ ಪುಟ ಹೇಳಿಬಿಡುತ್ತದೆ. ಅದನ್ನೇ ಕಿತ್ತ ಮೇಲೆ ಉಳಿದದ್ದು ಕಥೆ, ಕವನ ಮತ್ತು ಸಂಪಾದಕರ ಶುಭಾಶಯ. ಸಾಲದ್ದಕ್ಕೆ ಮೈದಾ ಅಂಟು ಹಚ್ಚಿದ ಕಡೆಯೆಲ್ಲ ಹುಳು ಹಿಡಿದಿದೆ.

ಎರಡನೆಯ ಬಗೆ ಬಿಡಿ ಸಂಚಿಕೆಗಳು. ಸುತಳಿ ದಾರದಲ್ಲಿ ಕಟ್ಟಿದ ಇವುಗಳಲ್ಲಿ ಎಲ್ಲ ಪುಟಗಳೂ ಇರುತ್ತವೆ, ಕೂಪನ್ ಕತ್ತರಿಸಿದ ಕಿಟಕಿಗಳನ್ನು ಬಿಟ್ಟರೆ. ಮೂರನೆಯ ಬಗೆಯ ಕಟ್ಟುಗಳನ್ನು ಮಾಲೀಕರು ತೂಕಕ್ಕೆ ಸೇರಿಸಿಕೊಡುವ ಮಾಲೆಂದು ನನ್ನ ಕಡೆ ತಳ್ಳಿದರು. ಅವೇ ಈ ಖರೀದಿಯ ನಿಜವಾದ ಲಾಭ. 1965ರಲ್ಲಿ ಸುಧಾ, 1983ರಲ್ಲಿ ತರಂಗ ಶುರುವಾದ ಮೇಲೆ ನಮ್ಮ ಮನೆಗಳಲ್ಲಿ ಬೆಳೆದ ಒಂದು ಅಭ್ಯಾಸ ಅನೇಕರಿಗೆ ನೆನಪಿರಬಹುದು: ಧಾರಾವಾಹಿಯ ಪುಟಗಳನ್ನು ವಾರವಾರವೂ ಬಿಡಿಸಿ ಎತ್ತಿಟ್ಟು, ಕಾದಂಬರಿ ಮುಗಿದಾಗ ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಪುಸ್ತಕ ಮಾಡಿಕೊಳ್ಳುವುದು. ಹೀಗೆ ಬಿಡಿಸಿದ ಹಾಳೆಯ ಒಂದು ಮಗ್ಗುಲಲ್ಲಿ ಕಾದಂಬರಿಯಿದ್ದರೆ ಇನ್ನೊಂದು ಮಗ್ಗುಲಲ್ಲಿ ಏನಿತ್ತೋ ಅದೆಲ್ಲ ಉಳಿದುಕೊಂಡಿದೆ: ಬ್ಯಾಂಕಿನ ಜಾಹೀರಾತು, ವಾರಭವಿಷ್ಯ, ಅಡುಗೆ ಅಂಕಣದ ಅರ್ಧ, ಪ್ರಶ್ನೋತ್ತರದ ಬಾಲ. ಗ್ರಂಥಾಲಯ ಕಸವೆಂದು ಎಸೆದದ್ದನ್ನು ಯಾವಳೋ ಗೃಹಿಣಿ ಗೊತ್ತಿಲ್ಲದೆಯೇ ಕಾಪಾಡಿದ್ದಾಳೆ.

ಬೆಲೆ ಕಟ್ಟುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮುಖಪುಟದಲ್ಲಿ ಸಿನಿಮಾ ನಟ ಅಥವಾ ನಟಿಯಿದ್ದರೆ ಒಂದೇ ಸಂಚಿಕೆಗೆ ಮುನ್ನೂರು, ಸಾಹಿತಿಯಿದ್ದರೆ ಐವತ್ತು, ಹೂವಿನ ಚಿತ್ರವಿದ್ದರೆ ಕೇಳಿದಷ್ಟು. ಒಳಗೆ ಏನಿದೆಯೆಂದು ಅವರು ತೆರೆದು ನೋಡುವುದಿಲ್ಲ, ಕೊಳ್ಳುವವರನ್ನೂ ತೆರೆದು ನೋಡಲು ಬಿಡುವುದಿಲ್ಲ. ಇದು ನನ್ನ ಮೊದಲ ದೂರು. ಪುಟ ಎಣಿಸಿ ಕೊಳ್ಳುವ ಅವಕಾಶವಿಲ್ಲದ ಸರಕಿಗೆ ಚೌಕಾಸಿ ಮಾಡುವುದು ಕಣ್ಣುಕಟ್ಟಿಕೊಂಡು ಮಾವಿನಹಣ್ಣು ಆರಿಸಿದಂತೆ.

ಇನ್ನು ಒಳಗಿನ ವಿಚಾರ. ಅರವತ್ತರ ದಶಕದ ಕೊನೆ ಮತ್ತು ಎಪ್ಪತ್ತರ ದಶಕದ ಸಂಚಿಕೆಗಳಲ್ಲಿ ಹಣದ ಬಗ್ಗೆ ನೇರವಾಗಿ ಮಾತನಾಡುವ ಧೈರ್ಯ ಯಾರಿಗೂ ಇದ್ದಂತಿಲ್ಲ, ಹಣವನ್ನೇ ಮಾರುವವರಿಗೂ ಇರಲಿಲ್ಲ. ಅವರೆಲ್ಲರೂ ಇನ್ನೊಬ್ಬರ ಹೆಗಲ ಮೇಲೆ ಕೈಯಿಟ್ಟು ಮಾತನಾಡುತ್ತಾರೆ. ಸುಮಾರು 245 ವಿಮಾ ಕಂಪನಿ, ಸಂಘಗಳನ್ನು ಒಟ್ಟುಗೂಡಿಸಿ 1956ರ ಸೆಪ್ಟೆಂಬರ್ 1ರಂದು ಹುಟ್ಟಿದ ಜೀವ ವಿಮಾ ನಿಗಮ, ದೀಪವನ್ನು ಮರೆಮಾಡಿ ಕಾಯುವ ಎರಡು ಕೈಗಳನ್ನು ಚಿಹ್ನೆಯಾಗಿಟ್ಟುಕೊಂಡು, ಭಗವದ್ಗೀತೆಯಿಂದ ‘ಯೋಗಕ್ಷೇಮಂ ವಹಾಮ್ಯಹಮ್’ ಎಂಬ ಮಾತನ್ನು ತೆಗೆದುಕೊಂಡಿತು. ಸಾವಿನ ನಂತರ ಹೆಂಡತಿಗೆ ಇಂತಿಷ್ಟು ರೂಪಾಯಿ ಸಿಗುತ್ತದೆ ಎಂದು ಹೇಳುವುದಕ್ಕೆ ಶ್ರೀಕೃಷ್ಣನ ಭರವಸೆ ಬೇಕಾಯಿತು. ಸಣ್ಣ ಉಳಿತಾಯದ ಸರಕಾರಿ ಜಾಹೀರಾತುಗಳಲ್ಲಿ ಉಳಿಸುವವನು ತನಗಾಗಿ ಉಳಿಸುವುದಿಲ್ಲ. ಅಣೆಕಟ್ಟಿಗಾಗಿ, ಕಾರ್ಖಾನೆಗಾಗಿ, ದೇಶಕ್ಕಾಗಿ ಉಳಿಸುತ್ತಾನೆ. ಬಡ್ಡಿಯ ದರ ಇದ್ದೇ ಇರುತ್ತದೆ, ಆದರೆ ಮೂಲೆಯಲ್ಲಿ, ಸಂಕೋಚದಿಂದ ಮುದುಡಿಕೊಂಡು.

ಬ್ಯಾಂಕುಗಳ ಜಾಹೀರಾತು ನೋಡುವಾಗ ನನ್ನ ಕೈ ನಿಧಾನವಾಯಿತು. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡಾಗ ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ಕರಾವಳಿಯವು. 1980ರಲ್ಲಿ ಮತ್ತೆ ಆರು ಬ್ಯಾಂಕುಗಳ ಸರದಿ ಬಂದಾಗ ಕಾರ್ಪೊರೇಷನ್ ಮತ್ತು ವಿಜಯಾ ಸೇರಿಕೊಂಡವು. ಕರ್ಣಾಟಕ ಬ್ಯಾಂಕನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅಂದಿನ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆ ಐದು ದೊಡ್ಡ ಬ್ಯಾಂಕುಗಳ ತೊಟ್ಟಿಲಾಗಿತ್ತು. ಈ ಕಟ್ಟುಗಳ ಪುಟಗಳಲ್ಲಿ ಅವುಗಳ ಹೆಸರುಗಳು ಅಕ್ಕಪಕ್ಕದ ಮನೆಯವರಂತೆ ಓಡಾಡುತ್ತವೆ. ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ, ಅತ್ತ ಮೈಸೂರು ಸಂಸ್ಥಾನದ ಕೂಸಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿ ಹೆಸರು ಕಳೆದುಕೊಂಡವು. ಹಳೆಯ ಮದುವೆಯ ಆಮಂತ್ರಣ ಪತ್ರಿಕೆಯಲ್ಲಿ ತೀರಿಹೋದ ಹಿರಿಯರ ಹೆಸರು ಓದಿದ ಹಾಗಾಯಿತು. ವಿಮರ್ಶೆಯಲ್ಲಿ ಇಂಥ ಮಾತು ಬರಬಾರದೇನೋ.

ಆ ಬ್ಯಾಂಕುಗಳಲ್ಲೊಂದು ಕನ್ನಡಕ್ಕೆ ಒಂದು ಶಬ್ದವನ್ನೇ ಕೊಟ್ಟಿದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಮನೆಬಾಗಿಲಿಗೇ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯಷ್ಟು ಪುಡಿಗಾಸನ್ನೂ ಠೇವಣಿಯಾಗಿ ಪಡೆಯುವ ಪಿಗ್ಮಿ ಯೋಜನೆಯನ್ನು ತಂದಿತು. ಇವತ್ತಿಗೂ ಯಾವ ಸೊಸೈಟಿಗೆ ಕಟ್ಟಿದರೂ ಜನ ‘ಪಿಗ್ಮಿ ಕಟ್ಟುತ್ತೇನೆ’ ಎಂದೇ ಹೇಳುತ್ತಾರೆ. ಪಿಗ್ಮಿಯ ಜಾಹೀರಾತುಗಳಲ್ಲಿ ನನಗೆ ಇಷ್ಟವಾದದ್ದು ಅವುಗಳ ವ್ಯಕ್ತಿಗಳು: ಬೀಡಿ ಕಟ್ಟುವವಳು, ಮೀನು ಮಾರುವವಳು, ಗೂಡಂಗಡಿಯವನು. ಅದೇ ಸಂಚಿಕೆಯ ಲೇಖನಗಳಲ್ಲಿ ಈ ಜನ ಕಾಣಿಸುವುದು ಅನುಕಂಪಕ್ಕೆ ಪಾತ್ರರಾಗಿ ಮಾತ್ರ; ಜಾಹೀರಾತಿನಲ್ಲಿ ಅವರು ಖಾತೆದಾರರು. ಬಡವರ ಕೈಯಲ್ಲಿಯೂ ದುಡ್ಡು ಓಡಾಡುತ್ತದೆ ಎಂಬ ಸತ್ಯ ಲೇಖಕರಿಗಿಂತ ಮೊದಲು ಬ್ಯಾಂಕಿನವರಿಗೆ ಹೊಳೆದಿತ್ತು.

ಇನ್ನೊಂದು ಸಂಗತಿ ಎಷ್ಟು ಸಲ ಬಂತೆಂದರೆ ಕೊನೆಗೆ ಪೆನ್ಸಿಲಿನಿಂದ ಗುರುತು ಹಾಕುವುದನ್ನೇ ಬಿಟ್ಟೆ. ಉಳಿತಾಯದ ಜಾಹೀರಾತಿನ ಚಿತ್ರದಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು. ಗಂಡುಮಗುವಿನ ಪಕ್ಕ ವಿದ್ಯಾಭ್ಯಾಸ, ಹೆಣ್ಣುಮಗುವಿನ ಪಕ್ಕ ಮದುವೆ. ಕೆಂಪು ತ್ರಿಕೋಣದ ಕುಟುಂಬ ಯೋಜನೆಯವರು ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಹೇಳುತ್ತಿದ್ದ ಕಾಲ. ಕೀರ್ತಿಗೆ ಖರ್ಚು ಮಾಡಬೇಕು, ಆರತಿಗೆ ಕೂಡಿಡಬೇಕು ಎಂದು ಉಳಿತಾಯದವರು ಅದಕ್ಕೆ ಲೆಕ್ಕ ಹಚ್ಚಿದರು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದಾದ ಹತ್ತು ವರ್ಷಗಳ ನಂತರವೂ, ಮಗಳ ಮದುವೆಗೆ ಇಷ್ಟು ಮೊತ್ತ ಬೇಕು ಎಂದು ಮುದ್ರಿಸುವಾಗ ಆ ಮೊತ್ತ ಯಾವುದಕ್ಕೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ವರದಕ್ಷಿಣೆಯ ಪಿಡುಗಿನ ಬಗ್ಗೆ ಕಣ್ಣೀರಿನ ಕಥೆ ಎಡಪುಟದಲ್ಲಿ, ಮದುವೆಯ ಠೇವಣಿ ಬಲಪುಟದಲ್ಲಿ, ಇಂಥ ಜೋಡಿಪುಟ ನನ್ನ ಕಟ್ಟುಗಳಲ್ಲಿ ಎರಡು ಕಡೆ ಸಿಕ್ಕಿತು. 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಯೋಜನೆಯಲ್ಲಿ ಹೆಣ್ಣುಮಗುವಿನ ಹೆಸರಿನ ಪಕ್ಕ ಓದೂ ಸೇರಿಕೊಂಡಿತು. ಮದುವೆಯಂತೂ ಅಲ್ಲಿಂದ ಕದಲಲಿಲ್ಲ.

ಲೇಖನಗಳು ಹೇಳುವ ಶ್ರೀಮಂತನ ಕಥೆಯೂ ಹೀಗೆಯೇ ಅಡ್ಡದಾರಿಯದು. ಆಗಿನ ವ್ಯಕ್ತಿಚಿತ್ರಗಳಲ್ಲಿ ಹಣವಂತರು ಬರುವುದು ಕೊಡುಗೈ ದಾನಿಗಳಾಗಿ: ಛತ್ರ ಕಟ್ಟಿಸಿದವರು, ಶಾಲೆಗೆ ಜಾಗ ಕೊಟ್ಟವರು, ದೇವಸ್ಥಾನದ ಜೀರ್ಣೋದ್ಧಾರ ಮಾಡಿಸಿದವರು. ಅವರು ಹೇಗೆ ಗಳಿಸಿದರು ಎಂಬ ಪ್ಯಾರಾ ಇರುವುದಿಲ್ಲ, ಹೇಗೆ ಕೊಟ್ಟರು ಎಂಬುದಕ್ಕೆ ಎರಡು ಪುಟ. ದಾನ ಮಾಡದ ಶ್ರೀಮಂತ ಧಾರಾವಾಹಿಯೊಳಗೆ ಸೇರಿಕೊಳ್ಳುತ್ತಾನೆ, ಅಲ್ಲಿ ಅವನು ಖಳ. ದುಡ್ಡು ಬೇಕೆಂದು ಬಾಯಿಬಿಟ್ಟು ಹೇಳಲು ಇಡೀ ಪತ್ರಿಕೆಯಲ್ಲಿ ಇದ್ದ ಜಾಗ ಒಂದೇ, ಅದು ವಾರಭವಿಷ್ಯ. ಧನಲಾಭ, ಅನಿರೀಕ್ಷಿತ ಹಣ, ಕೈಬಿಟ್ಟ ಬಾಕಿ ವಸೂಲಿ: ಸಂಪಾದಕೀಯದಲ್ಲಿ ಹೇಳಿದರೆ ನಾಚಿಕೆಗೇಡೆನಿಸುವ ಆಸೆಗಳನ್ನು ಗುರು ಶುಕ್ರರು ವಾರವಾರವೂ ಸಲೀಸಾಗಿ ಹಂಚುತ್ತಿದ್ದರು. ಅದಕ್ಕೆ ತಾಗಿಕೊಂಡೇ ಲಾಟರಿಯ ಜಾಹೀರಾತು ಬರುತ್ತಿತ್ತು. ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು. ಭವಿಷ್ಯದ ಅಂಕಣದಲ್ಲಿ ಧನಲಾಭ ಮುಂದುವರಿದಿದೆ.

ಈಗ ನನ್ನ ನಂಬಿಕೆಯನ್ನು ಅರ್ಧಕ್ಕಿಳಿಸಿದ ಪುಟದ ಮಾತು. ಕೈಹೊಲಿಗೆಯ ಕಟ್ಟುಗಳಲ್ಲೊಂದರಲ್ಲಿ, ಉಳಿತಾಯದ ಜಾಹೀರಾತಿನ ಪಕ್ಕದ ಬಿಳಿಯ ಅಂಚಿನಲ್ಲಿ, ಪೆನ್ಸಿಲಿನಿಂದ ಸಣ್ಣ ಅಕ್ಷರಗಳಲ್ಲಿ ಬರೆದ ಲೆಕ್ಕವಿದೆ. ಹಾಲು, ಸೀಮೆಎಣ್ಣೆ, ಮಗುವಿನ ಫೀಜು. ಅದರ ಕೆಳಗೆ ‘ಚೀಟಿ’ ಎಂದು ಹದಿನೈದು ರೂಪಾಯಿ. ಅದರ ಕೆಳಗೆ ‘ಮೇಲ್ಮನೆಯವರಿಗೆ ಹಿಂದೆ’ ಎಂದು ಹತ್ತು ರೂಪಾಯಿ, ಅದನ್ನು ಹೊಡೆದುಹಾಕಿ ಐದು. ಇಷ್ಟೂ ಪುಟಗಳಲ್ಲಿ ಹೆಂಗಸರ ಚೀಟಿಯ ಬಗ್ಗೆಯಾಗಲಿ, ಕೈಗಡದ ಬಗ್ಗೆಯಾಗಲಿ ಒಂದು ಲೇಖನವನ್ನೂ ನಾನು ಕಾಣಲಿಲ್ಲ. ಉಳಿಸಿರಿ ಎಂದು ಅಚ್ಚಿನ ಅಕ್ಷರ ಹೇಳುತ್ತಿದ್ದಾಗ ಅಂಚಿನಲ್ಲಿ ಸಾಲ ತೀರುತ್ತಿತ್ತು. ಪತ್ರಿಕೆ ಸಮಾಜದ ಕನ್ನಡಿ ಎನ್ನುವವರು, ಕನ್ನಡಿಯ ಮುಂದೆ ನಿಲ್ಲುವ ಮೊದಲು ಜನ ತಲೆ ಬಾಚಿಕೊಳ್ಳುತ್ತಾರೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಅಡವಿನ ವಿಷಯವೂ ಹಾಗೆಯೇ. ನಾನು ಕೆಲಸಕ್ಕೆ ಸೇರಿದ 1978ರಲ್ಲಿ ನಮ್ಮ ಶಾಖೆಯಲ್ಲಿ ಚಿನ್ನದ ಮೇಲಿನ ಸಾಲ ದಿನನಿತ್ಯದ ವ್ಯವಹಾರ. ಆದರೆ ಅದಕ್ಕೆ ಬರುವವರು ಮಧ್ಯಾಹ್ನ ಜನ ಕಡಿಮೆಯಾಗುವ ಹೊತ್ತು ನೋಡಿ, ಸೆರಗಿನೊಳಗೆ ಗಂಟು ಹಿಡಿದು, ಕೌಂಟರಿನ ಕೊನೆಯ ಮೂಲೆಗೆ ಬರುತ್ತಿದ್ದರು. ಎಂಬತ್ತರ ದಶಕದ ಕೊನೆಯವರೆಗಿನ ನನ್ನ ಕಟ್ಟುಗಳಲ್ಲಿ ಚಿನ್ನವನ್ನು ಅಡವಿಡಿ ಎಂದು ಹೇಳುವ ಜಾಹೀರಾತು ಒಂದೂ ಇಲ್ಲ. ಇದನ್ನೆಲ್ಲ ನಾಚಿಕೆಯ ಖಾತೆಗೇ ಬರೆಯಲಾಗದು ಎಂಬುದನ್ನೂ ಒಪ್ಪಿಕೊಳ್ಳಬೇಕು. ಚಿನ್ನದ ಜಾಹೀರಾತೇ ಸಣ್ಣದಾಗಿರುವುದಕ್ಕೆ 1968ರ ಚಿನ್ನ ನಿಯಂತ್ರಣ ಕಾಯ್ದೆಯೂ ಕಾರಣ; ಗಟ್ಟಿಚಿನ್ನ ಇಟ್ಟುಕೊಳ್ಳುವುದನ್ನೇ ಅದು ತಡೆದಿತ್ತು, 1990ರಲ್ಲಿ ರದ್ದಾಗುವವರೆಗೆ ಆಭರಣದ ವ್ಯಾಪಾರ ಕೈಕಟ್ಟಿಕೊಂಡೇ ನಡೆಯಬೇಕಿತ್ತು. ವರ್ಷಗಟ್ಟಲೆ ಕಾದು ಸ್ಕೂಟರ್ ಪಡೆಯುವ ಕಾಲದಲ್ಲಿ ಸ್ಕೂಟರಿನ ಜಾಹೀರಾತು ಅಬ್ಬರಿಸುವ ಅಗತ್ಯವಿರಲಿಲ್ಲ ಎಂಬುದೂ ನಿಜ. ಜಾಹೀರಾತಿನ ಮೌನದಲ್ಲಿ ಸಂಕೋಚವೆಷ್ಟು, ಕಾಯ್ದೆಯೆಷ್ಟು, ಕೊರತೆಯೆಷ್ಟು ಎಂದು ಬೇರೆ ಮಾಡಲು ಪತ್ರಿಕೆಯೊಂದೇ ಸಾಲದು.

ಎಂಬತ್ತರ ದಶಕದ ಕಟ್ಟುಗಳಿಗೆ ಬಂದಾಗ ಪುಟಗಳಲ್ಲಿ ಬಣ್ಣ ಹೆಚ್ಚಾಗುತ್ತದೆ, ಉಪದೇಶ ಕಡಿಮೆಯಾಗುತ್ತದೆ. ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೈಗಡಿಯಾರ. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಗಡಿಯಾರ ತಯಾರಿಸಲಾರಂಭಿಸಿತು. ಅದರ ಹಳೆಯ ಜಾಹೀರಾತುಗಳು ಮಾರುವ ಗುಣವೆಂದರೆ ಸಮಯಪಾಲನೆ ಮತ್ತು ಬಾಳಿಕೆ. ದೇಶದ ಕಾಲವನ್ನು ಕಾಯುವವರು ತಾವೆಂಬುದು ಅವರ ಹೆಮ್ಮೆ. ‘ಬಾಳಿಕೆ’ ಎಂಬ ಶಬ್ದವೇ ಆ ಕಾಲದ ಅರ್ಥಶಾಸ್ತ್ರ: ಕೊಟ್ಟ ದುಡ್ಡು ಎಷ್ಟು ವರ್ಷ ಕೆಲಸ ಮಾಡುತ್ತದೆ ಎಂಬುದೇ ಪ್ರಶ್ನೆ. ಹೊಸೂರಿನಲ್ಲಿ ಕಾರ್ಖಾನೆ ಹಾಕಿದ ಟೈಟನ್ 1987ರಲ್ಲಿ ಮಾರುಕಟ್ಟೆಗೆ ಬಂದದ್ದೇ ತಡ, ಗಡಿಯಾರ ಉಡುಗೊರೆಯಾಯಿತು. ತಂದೆ ಮಗಳಿಗೆ, ಗಂಡ ಹೆಂಡತಿಗೆ ಕೊಡುವ ಪ್ರೀತಿಯ ಗುರುತು. ಒಂದಿದ್ದವರಿಗೂ ಇನ್ನೊಂದು ಕೊಡಬಹುದು. ಅಷ್ಟೇನೂ ದೂರವಿಲ್ಲದ ಎರಡು ಕಾರ್ಖಾನೆಗಳ ನಡುವೆ ಖರ್ಚು ಮಾಡುವ ಮನಸ್ಸೇ ಬದಲಾದದ್ದು ಜೋಡಿಸಿಟ್ಟು ನೋಡಿದಾಗ ಮಾತ್ರ ಕಾಣುತ್ತದೆ. ಎಚ್‌ಎಂಟಿಯ ಗಡಿಯಾರ ತಯಾರಿಕೆ 2016ರಲ್ಲಿ ನಿಂತಿತು. ನನ್ನ ಕೈಯಲ್ಲಿರುವುದು ಈಗಲೂ ನಡೆಯುತ್ತಿದೆ, ದಿನಕ್ಕೆ ಎರಡು ನಿಮಿಷ ಹಿಂದೆ.

ಇದೇ ದಶಕದಲ್ಲಿ ಅಗ್ಗದ ನಿರ್ಮಾ ಪುಡಿಯ ಎದುರು ದುಬಾರಿ ಸರ್ಫ್ ನಿಲ್ಲಬೇಕಾಗಿ ಬಂದಾಗ ದೂರದರ್ಶನಕ್ಕೆ ಬಂದ ಲಲಿತಾಜಿ ಎಂಬ ಗೃಹಿಣಿಯನ್ನು ಓದುಗರು ಮರೆತಿರಲಾರರು. ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ ಎಂಬುದು ಆಕೆಯ ವಾದ. ಹೆಚ್ಚು ಖರ್ಚು ಮಾಡುವುದನ್ನು ಜಾಣ ಉಳಿತಾಯವೆಂದು ಒಪ್ಪಿಸಬೇಕಾಗಿತ್ತು. ಖರ್ಚಿನ ಸುಖವನ್ನು ಖರ್ಚಿನ ಹೆಸರಿನಲ್ಲಿಯೇ ಮಾರುವಷ್ಟು ಕಾಲ ಇನ್ನೂ ಕೆಟ್ಟಿರಲಿಲ್ಲ, ಅಥವಾ ಸುಧಾರಿಸಿರಲಿಲ್ಲ. ಟಿವಿ, ಮಿಕ್ಸರು, ಹೊಲಿಗೆ ಯಂತ್ರಗಳ ಜಾಹೀರಾತಿನಲ್ಲಿ ‘ಸುಲಭ ಕಂತು’ ಎಂಬ ಮಾತು ಮೆಲ್ಲನೆ ತಲೆಯಿಡುತ್ತದೆ. ಕಂತಿನಲ್ಲಿ ಕೊಂಡದ್ದನ್ನು ಪಕ್ಕದ ಮನೆಯವರಿಗೆ ತಿಳಿಯದಂತೆ ಇಡುತ್ತಿದ್ದ ಕಾಲ ಅದು.

ಇಂದಿರಾ ವಿಕಾಸ ಪತ್ರ 1986ರಲ್ಲಿ, ಕಿಸಾನ್ ವಿಕಾಸ ಪತ್ರ 1988ರಲ್ಲಿ ಬಂದಾಗ ಸರಕಾರವೇ ದೇಶಸೇವೆಯ ಮಾತು ಬಿಟ್ಟು ‘ಹಣ ದುಪ್ಪಟ್ಟು’ ಎಂಬ ಭಾಷೆಗೆ ಇಳಿಯಿತು. ಮೊದಲನೆಯದು ಐದು ವರ್ಷಕ್ಕೆ, ಎರಡನೆಯದು ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. ಜಾಹೀರಾತಿನಲ್ಲಿ ನಗುವ ಸಂಸಾರವಿದೆ. ಇಂದಿರಾ ವಿಕಾಸ ಪತ್ರದ ಮೇಲೆ ಕೊಂಡವರ ಹೆಸರೇ ಇರುತ್ತಿರಲಿಲ್ಲ, ಹಾಗಾಗಿ ಲೆಕ್ಕಕ್ಕೆ ಸಿಗಬಾರದ ಹಣಕ್ಕೆ ಅದು ಬಲು ಪ್ರಿಯವಾಗಿತ್ತು ಎಂಬ ಸಂಗತಿ ಜಾಹೀರಾತಿನಲ್ಲಿ ಇಲ್ಲ. ತೊಂಬತ್ತರ ದಶಕದ ಬಿಡಿ ಸಂಚಿಕೆಗಳಲ್ಲಿ ಈ ದುಪ್ಪಟ್ಟಿನ ಭಾಷೆಯನ್ನು ಖಾಸಗಿಯವರು ಎತ್ತಿಕೊಂಡು ಎಲ್ಲಿಗೆ ಕೊಂಡೊಯ್ದರು ಎಂಬುದನ್ನು ನೋಡಬೇಕು. ಇಂದು ತೇಗದ ಸಸಿಗೆ ಕೆಲವು ಸಾವಿರ ಕೊಡಿ, ಇಪ್ಪತ್ತು ವರ್ಷದ ನಂತರ ಲಕ್ಷಗಟ್ಟಲೆ ಪಡೆಯಿರಿ ಎನ್ನುವ ಕಂಪನಿಗಳು. ಬ್ಯಾಂಕಿನ ಎರಡರಷ್ಟು ಬಡ್ಡಿ ಕೊಡುತ್ತೇವೆನ್ನುವ ಫೈನಾನ್ಸುಗಳು, ಜನರ ಬಾಯಲ್ಲಿ ‘ಬ್ಲೇಡ್ ಕಂಪನಿ’ಗಳು. ನಮ್ಮಲ್ಲಿ ಠೇವಣಿ ಮುರಿಸಿ ಅಲ್ಲಿಗೆ ಒಯ್ದವರನ್ನು ನಾನು ಬಲ್ಲೆ. ರಿಸರ್ವ್ ಬ್ಯಾಂಕಿಗೆ ಇಂಥವರ ಮೇಲೆ ಹಿಡಿತ ಕೊಟ್ಟ ತಿದ್ದುಪಡಿ 1997ರಲ್ಲಿ, ತೋಟ ತೋರಿಸಿ ಹಣ ಎತ್ತುವವರಿಗೆ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ 1999ರಲ್ಲಿ, ಕರ್ನಾಟಕದ ಠೇವಣಿದಾರರ ಹಿತರಕ್ಷಣಾ ಕಾಯ್ದೆ 2004ರಲ್ಲಿ ಬಂದವು. ಅಷ್ಟರಲ್ಲಿ ತೇಗದ ಎಲೆಯೂ ಉಳಿದಿರಲಿಲ್ಲ. ನನ್ನ ಬಳಿಯಿರುವ ಒಂದು ಸಂಚಿಕೆಯಲ್ಲಿ ಅತಿಯಾಸೆ ಗತಿಗೇಡು ಎಂಬ ಧಾಟಿಯ ಸಂಪಾದಕೀಯ ಮತ್ತು ತೇಗದ ಪೂರ್ಣಪುಟದ ಜಾಹೀರಾತು ಎರಡೂ ಇವೆ. ಸಂಪಾದಕೀಯ ಬರೆದವರ ಸಂಬಳ ಬಂದದ್ದು ಎರಡನೆಯದರಿಂದ ಎಂಬುದನ್ನು ಹೇಳಲು ಬ್ಯಾಂಕಿನ ಅನುಭವ ಬೇಕಿಲ್ಲ.

ಆ ಮಾತಿಗೆ ಉತ್ತರವೆಂಬಂತೆ ಬಿಡಿ ಕಟ್ಟಿನ ತಳದಲ್ಲಿ ಲಂಕೇಶ್ ಪತ್ರಿಕೆಯ ನಾಲ್ಕು ಸಂಚಿಕೆಗಳು ಸಿಕ್ಕವು. 1980ರಲ್ಲಿ ಆರಂಭವಾದ ಆ ವಾರಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳದೆ, ಓದುಗ ಕೊಟ್ಟ ಕಾಸಿನಿಂದಲೇ ನಡೆಯಿತು. ಬೇರೆ ಪತ್ರಿಕೆಗಳನ್ನು ತಿರುವಿದ ಕೈಗೆ ಅದರ ಪುಟಗಳು ವಿಚಿತ್ರವಾಗಿ ಮೌನವೆನಿಸುತ್ತವೆ. ಸಾಬೂನಿಲ್ಲ, ವಿಮೆಯಿಲ್ಲ, ನಗುವ ಸಂಸಾರವಿಲ್ಲ. ದುಡ್ಡಿನ ಬಗ್ಗೆ ಅಲ್ಲಿ ಬರುವುದೆಲ್ಲ ಯಾರು ನುಂಗಿದರು ಎಂಬ ಲೆಕ್ಕ. ಅದೂ ಪೂರ್ತಿ ಚಿತ್ರವಲ್ಲ, ಮನೆಯೊಳಗಿನ ಆಸೆಗಳು ಅದರಲ್ಲಿ ಕಾಣುವುದಿಲ್ಲ.

ಹೋಲಿಕೆಗೆಂದು ಕಳೆದ ದೀಪಾವಳಿಯ ಹೊಸ ವಿಶೇಷಾಂಕವೊಂದನ್ನು ಬಸ್ ನಿಲ್ದಾಣದ ಅಂಗಡಿಯಲ್ಲಿ ಕೊಂಡೆ. ತೂಕದಲ್ಲಿ ಹಳೆಯದಕ್ಕೆ ಸಮ, ಕಾಗದ ಉತ್ತಮ. ಮೊದಲ ಪುಟಗಳೆಲ್ಲ ಚಿನ್ನ. ಬಳಿಕ ಸೈಟು, ವಿಲ್ಲಾ, ಆಸ್ಪತ್ರೆ, ಮತ್ತು ರ‍್ಯಾಂಕು ಪಡೆದ ಮಕ್ಕಳ ಭಾವಚಿತ್ರಗಳ ಕೆಳಗೆ ಅಂಕ ಮುದ್ರಿಸಿದ ಪಿಯು ಕಾಲೇಜುಗಳು. ಮಕ್ಕಳ ಮುಖಗಳನ್ನು ಠೇವಣಿಯ ಬಡ್ಡಿದರದಂತೆ ಸಾಲಾಗಿ ಜೋಡಿಸಿದ್ದನ್ನು ನೋಡಿ ನನಗೆ ಸಂತೋಷವಾಗಲಿಲ್ಲ. ಚಿನ್ನ ಅಡವಿಡುವ ಜಾಹೀರಾತು ಪೂರ್ಣಪುಟದ್ದು. ಸೆರಗಿನ ಗಂಟು ಇಲ್ಲ, ರೂಪದರ್ಶಿ ನಗುತ್ತಿದ್ದಾಳೆ. ಇದರಲ್ಲಿ ಒಂದು ಬಿಡುಗಡೆಯಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕಷ್ಟಕ್ಕೆ ಸಾಲ ತೆಗೆಯುವವಳು ಮಧ್ಯಾಹ್ನದವರೆಗೆ ಕಾಯಬೇಕಾಗಿಲ್ಲದಿದ್ದರೆ ಒಳ್ಳೆಯದೇ. ಆದರೆ ‘ಸಾಲ’ ಎಂಬ ಶಬ್ದ ಎಲ್ಲಿಗೆ ಹೋಯಿತು? ಈ ಸಂಚಿಕೆಯ ಜಾಹೀರಾತುಗಳ ದಪ್ಪಕ್ಷರದಲ್ಲಿ ಅದು ಒಮ್ಮೆಯೂ ಇಲ್ಲ. ಅಲ್ಲಿರುವುದು ಲೋನ್, ಇಎಂಐ, ಕನಸಿನ ಮನೆ. ಸಾಲ, ಬಡ್ಡಿ, ಹರಾಜು ಎಂಬ ಮೂರು ಹಳೆಯ ಶಬ್ದಗಳು ಪುಟದ ಕೆಳಗೆ, ಕನ್ನಡಕ ಹಾಕಿದರೂ ಕಷ್ಟವಾಗುವ ಅಕ್ಷರದಲ್ಲಿ, ನಕ್ಷತ್ರ ಚಿಹ್ನೆಯ ನೆರಳಿನಲ್ಲಿ ಕೂತಿವೆ. ಮೊದಲು ಬಡ್ಡಿಯ ದರ ಸಂಕೋಚದಿಂದ ಮೂಲೆ ಸೇರಿತ್ತು. ಈಗ ಅದನ್ನು ಮೂಲೆಗೆ ಸರಿಸಿದ ಕಾರಣವೇ ಬೇರೆ.

ಲೇಖನಗಳಲ್ಲಿ ದಾನಿಯ ಜಾಗಕ್ಕೆ ಉದ್ಯಮಿ ಬಂದಿದ್ದಾನೆ, ಶೀರ್ಷಿಕೆಯಲ್ಲೇ ಅವನ ವಾರ್ಷಿಕ ವಹಿವಾಟು ಕೋಟಿಗಳಲ್ಲಿ. ಹೇಗೆ ಗಳಿಸಿದ ಎಂಬುದಕ್ಕೆ ಈಗ ಎರಡು ಪುಟ ಸಿಗುತ್ತದೆ, ಒಂದೊಂದು ಸಲ ಅದೇ ಕಂಪನಿಯ ಜಾಹೀರಾತು ಮೂರನೆಯ ಪುಟದಲ್ಲಿರುತ್ತದೆ. ಉಳಿತಾಯ ಎಂಬ ಮಾತು ಹೂ ಕುಂಡದ ಲೇಖನದಲ್ಲಿ ನೀರಿಗೆ ಸಂಬಂಧಿಸಿದಂತೆ ಒಮ್ಮೆ ಬಂತು. ಉಳಿದೆಡೆ ಎಲ್ಲವೂ ಹೂಡಿಕೆ.

ಕೊಳ್ಳಬಯಸುವವರಿಗೆ ನನ್ನ ಸಲಹೆ. ಬೈಂಡು ಮಾಡಿದ ವಿಶೇಷಾಂಕಗಳಿಗೆ ಕಟ್ಟೊಂದಕ್ಕೆ ನೂರಕ್ಕಿಂತ ಹೆಚ್ಚು ಕೊಡಬೇಡಿ. ಕೊಡುವ ಮೊದಲು ಬೆನ್ನು ಬಗ್ಗಿಸಿ ಕಿತ್ತ ಹಾಳೆಗಳ ಚೂರು ಹೊಲಿಗೆಯಲ್ಲಿ ಸಿಕ್ಕಿದೆಯೇ ನೋಡಿ. ಬಿಡಿ ಸಂಚಿಕೆಗಳಲ್ಲಿ ಹೂವಿನ ಮುಖಪುಟದವನ್ನು ಆರಿಸಿ, ಒಳಗಿನ ಜಾಹೀರಾತು ಎಲ್ಲದರಲ್ಲಿಯೂ ಒಂದೇ. ಧಾರಾವಾಹಿಯ ಕೈಹೊಲಿಗೆಯ ಕಟ್ಟು ಕಂಡರೆ ಆಸಕ್ತಿ ತೋರಿಸದೆ ಕೊನೆಗೆ ಕೇಳಿ. ಅಂಗಡಿ ಭಾನುವಾರವೂ ತೆರೆದಿರುತ್ತದೆ; ರಸೀತಿ ಕೊಡುವುದಿಲ್ಲ. ಎರಡನೆಯ ದೂರು ಇದೇ: ಕಟ್ಟಿನಲ್ಲಿ 1969ರ ಆಗಸ್ಟ್ ಸಂಚಿಕೆಗಳಿವೆಯೆಂದು ಹೇಳಿ ಮಾರಿದ್ದರು, ಬ್ಯಾಂಕುಗಳ ರಾಷ್ಟ್ರೀಕರಣವಾದ ಮರುತಿಂಗಳ ಪುಟಗಳಿಗಾಗಿಯೇ ನಾನು ಆ ಕಟ್ಟನ್ನು ಎತ್ತಿಕೊಂಡದ್ದು, ಮನೆಗೆ ಬಂದು ಬಿಚ್ಚಿದರೆ ಜುಲೈ ಮುಗಿದು ಅಕ್ಟೋಬರ್ ಶುರುವಾಗುತ್ತದೆ. ಹೋಗಿ ಕೇಳಿದೆ. ಇದ್ದವು, ಆದರೆ ಅವುಗಳ ಮುಖಪುಟದಲ್ಲಿ ನಟಿಯಿದ್ದುದರಿಂದ ಬೇರೆ ಮಾರಿದೆ ಎಂದರು. ನೂರೈವತ್ತು ರೂಪಾಯಿ ವಾಪಸು ಕೇಳಿದ್ದಕ್ಕೆ, ದುಡ್ಡಿನ ಮಾತು ಬೇಡ ಸಾರ್ ಎಂದು ಇನ್ನೊಂದು ಕೈಹೊಲಿಗೆಯ ಕಟ್ಟನ್ನು ಕೈಗಿತ್ತರು.